ಮಲ್ಲಿಗೆ ಗಿಡದಲ್ಲಿ ಬರೀ ಸೊಪ್ಪೇ? ಕರಾವಳಿಯ ಅಂಗಳದಲ್ಲಿ ವಸಂತಕ್ಕೆ ಹೂ ಬರಿಸುವ ಕ್ರಮ

ಫೆಬ್ರವರಿ ಮುಗಿಯುವ ಹೊತ್ತಿಗೆ ಪರಿಚಿತರಿಂದ ಒಂದೇ ಪ್ರಶ್ನೆ ಬರುತ್ತದೆ: "ಮಲ್ಲಿಗೆ ಗಿಡ ಎದೆಯೆತ್ತರ ಬೆಳೆದಿದೆ, ಎಲೆ ಕಡು ಹಸಿರು, ಆದರೆ ಒಂದು ಮೊಗ್ಗೂ ಇಲ್ಲ. ಯಾಕೆ?" ಕೇಳುವವರಲ್ಲಿ ಮಂಗಳೂರಿನ ಫ್ಲ್ಯಾಟಿನವರೂ ಇದ್ದಾರೆ, ಉಡುಪಿ ಕಡೆ ದೊಡ್ಡ ಅಂಗಳ ಇರುವವರೂ ಇದ್ದಾರೆ. ಹೋಗಿ ನೋಡಿದರೆ ಆರೈಕೆಗೆ ಏನೂ ಕಡಿಮೆ ಇರುವುದಿಲ್ಲ. ತಪ್ಪಿರುವುದು ಕ್ರಮ. ಮೊದಲು ನೀರು ತಡೆಯಬೇಕು, ಆಮೇಲೆ ಗೆಲ್ಲು ಕತ್ತರಿಸಬೇಕು, ಆಮೇಲೆ ಗೊಬ್ಬರ, ಕೊನೆಗೆ ಧಾರಾಳ ನೀರು. ಹೆಚ್ಚಿನವರು ಕೊನೆಯ ಎರಡನ್ನು ವರ್ಷವಿಡೀ ಮಾಡುತ್ತಾರೆ, ಮೊದಲ ಎರಡನ್ನು ಮಾಡುವುದೇ ಇಲ್ಲ.

ಮೊದಲ ಎರಡು ವರ್ಷ ನಾನೂ ಇದೇ ತಪ್ಪು ಮಾಡಿದ್ದೆ. ಮಲ್ಲಿಗೆಗೇ ಹೆಸರಾದ, ಉಡುಪಿ ಹತ್ತಿರದ ಶಂಕರಪುರದ ಕಡೆಯಿಂದ ಬಂದ ದೊಡ್ಡಮ್ಮ ಗಿಡ ನೋಡಿ, "ಇಷ್ಟು ಸೊಪ್ಪುಂಟಲ್ಲ ಮಾರಾಯ್ತಿ, ಕತ್ತಿ ಎಲ್ಲುಂಟು?" ಎಂದರು. ನಾನು "ಬೇಡ ದೊಡ್ಡಮ್ಮ" ಎನ್ನುವಷ್ಟರಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕೆ ಇಳಿಸಿ ಆಗಿತ್ತು. ಆ ವರ್ಷ ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ (ತುಳುವರ ಹೊಸ ವರ್ಷ) ಕಣಿ ಇಡಲು ಮನೆಯದೇ ಮಲ್ಲಿಗೆ ಸಿಕ್ಕಿತು. ಬೆಳಗ್ಗೆ ಎದ್ದು ಅಂಗಳಕ್ಕೆ ಇಳಿದರೆ ಗೆಲ್ಲಿನ ತುದಿಯಲ್ಲೆಲ್ಲ ಬಿಳಿ ಮೊಗ್ಗು ಕಾಣುವ ಆ ಸಂತೋಷ ನಿಮಗೂ ಸಿಗಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಮಲ್ಲಿಗೆಗೆ ಮಾತ್ರ. ಜಾಜಿ, ಕಾಕಡ ಹೂ ಬಿಡುವ ಕಾಲವೇ ಬೇರೆ. ಅವುಗಳಿಗೆ ಈ ಲೆಕ್ಕ ಹಿಡಿಯಬೇಡಿ.

ಕೈಯಲ್ಲಿ ಏನೇನು ಇರಬೇಕು

ಹರಿತವಾದ ಗಿಡ ಕತ್ತರಿಸುವ ಕತ್ತರಿ, ಅದನ್ನು ಒರೆಸಲು ಸ್ವಲ್ಪ ಸ್ಪಿರಿಟ್, ಮಣ್ಣು ಸಡಿಲಿಸಲು ಸಣ್ಣ ಕೈಗುದ್ದಲಿ, ಸ್ಪ್ರೇ ಬಾಟಲಿ, ಒಂದು ಬಕೆಟ್. ಗೊಬ್ಬರಕ್ಕೆ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ನೆಲಗಡಲೆ ಹಿಂಡಿ, ಬೇವಿನ ಹಿಂಡಿ, ಎಲುಬಿನ ಪುಡಿ, ಒಲೆಯ ಬೂದಿ. ಜೊತೆಗೆ ಬೇವಿನ ಎಣ್ಣೆ. ಮೊಂಡು ಕತ್ತರಿಯಿಂದ ಮಾತ್ರ ಕೆಲಸಕ್ಕೆ ಇಳಿಯಬೇಡಿ. ಗೆಲ್ಲು ಜಜ್ಜಿ ಹೋದರೆ ಅಲ್ಲಿಂದ ಕೆಳಕ್ಕೆ ಒಣಗುತ್ತಾ ಬರುತ್ತದೆ.

1. ಏಪ್ರಿಲ್ ತಿಂಗಳ ಬಿಸಿಲು ನೋಡಿ ಜಾಗ ಆರಿಸಿ

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ತೆಂಗಿನ ಮರದ ಚುಕ್ಕೆ ನೆರಳಿನಲ್ಲಿ ಗಿಡ ಬದುಕುತ್ತದೆ, ಎಲೆಯೂ ಚಂದ ಇರುತ್ತದೆ, ಹೂ ಬರುವುದಿಲ್ಲ. ಇಷ್ಟು ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ ಸಂಗತಿ ಒಂದಿದೆ. ಫ್ಲ್ಯಾಟಿನಲ್ಲಿ ಇರುವವರು ಇದನ್ನು ಗಮನವಿಟ್ಟು ಓದಬೇಕು.

ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಬಾಲ್ಕನಿಯೊಳಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಅದನ್ನು ನೋಡಿ ಚಟ್ಟಿ ಅಲ್ಲೇ ಇಡುತ್ತೇವೆ. ಮಂಗಳೂರು, ಉಡುಪಿಗಳಲ್ಲಿ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ಮೇ ತಿಂಗಳಲ್ಲಿ ಉತ್ತರಕ್ಕೆ ದಾಟುತ್ತಾನೆ. ಆಗ ಮೇಲಿನ ಮನೆಯ ಬಾಲ್ಕನಿಯ ನೆರಳು ನಮ್ಮ ಚಟ್ಟಿಯ ಮೇಲೆ ಪೂರ್ತಿ ಬೀಳುತ್ತದೆ. ಮೊಗ್ಗು ಕಟ್ಟಬೇಕಾದ ತಿಂಗಳಲ್ಲೇ ಗಿಡಕ್ಕೆ ಬಿಸಿಲು ಇಲ್ಲದಂತಾಗುತ್ತದೆ. ಪೂರ್ವ ಅಥವಾ ಪಶ್ಚಿಮದ ಬಾಲ್ಕನಿ ಇದ್ದರೆ ಅದೇ ಒಳ್ಳೆಯದು. ಎರಡೂ ಇಲ್ಲದಿದ್ದರೆ ಮಾರ್ಚ್‌ನಲ್ಲಿ ಚಟ್ಟಿಯನ್ನು ತಾರಸಿಗೆ ಸಾಗಿಸಿ.

ತಾರಸಿಯಲ್ಲಿ ಚಟ್ಟಿಯನ್ನು ನೇರವಾಗಿ ಕಾಂಕ್ರೀಟಿನ ಮೇಲೆ ಇಡಬೇಡಿ. ಎರಡು ಇಟ್ಟಿಗೆ ಅಥವಾ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ತುಂಡು ಕೆಳಗಿರಲಿ. ಕಾದ ನೆಲದ ಬಿಸಿ ಬೇರಿಗೆ ತಟ್ಟುವುದಿಲ್ಲ, ನೀರೂ ಸಲೀಸಾಗಿ ಹರಿದುಹೋಗುತ್ತದೆ.

2. ಮಣ್ಣು ಹದ ಮಾಡುವುದು

ನಮ್ಮ ಮುರಕಲ್ಲು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಮಲ್ಲಿಗೆಗೆ ಅದು ಒಳ್ಳೆಯದೇ. ಆದರೆ ನಾಲ್ಕು ತಿಂಗಳ ಮಳೆಯಲ್ಲಿ ಸಾರವೆಲ್ಲ ತೊಳೆದುಹೋಗಿರುತ್ತದೆ, ಮಣ್ಣು ಹುಳಿಯಾಗಿಯೂ ಇರುತ್ತದೆ. ಚಟ್ಟಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆಯ ಹಟ್ಟಿಗೊಬ್ಬರ, ಒಂದು ಪಾಲು ಹೊಳೆಯ ಮರಳು. ಸುಡುಮಣ್ಣು (ತರಗೆಲೆ, ಕಸದ ಜೊತೆ ಸುಟ್ಟ ಮಣ್ಣು) ಸಿಕ್ಕಿದರೆ ಕೆಂಪು ಮಣ್ಣಿನ ಅರ್ಧ ಭಾಗಕ್ಕೆ ಅದನ್ನೇ ಹಾಕಿ. ಕಡಲತೀರದ ಮರಳು ಬೇಡವೇ ಬೇಡ, ಅದರಲ್ಲಿ ಉಪ್ಪಿರುತ್ತದೆ. ತೆಂಗಿನ ನಾರಿನ ಪುಡಿ ಬಳಸುವವರು ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ಅದರಲ್ಲೂ ಉಪ್ಪಿನಂಶ ಇರಬಹುದು.

ಚಟ್ಟಿಯ ಬಾಯಿ 14 ಅಂಗುಲಕ್ಕಿಂತ ಕಿರಿದಾಗಿರಬಾರದು. ನರ್ಸರಿಯಿಂದ ತಂದ ಕಪ್ಪು ಪ್ಲಾಸ್ಟಿಕ್ ಚೀಲದಲ್ಲೇ ವರ್ಷಗಟ್ಟಲೆ ಇಟ್ಟ ಗಿಡಗಳನ್ನು ನೋಡಿದ್ದೇನೆ. ಬೇರು ಸುರುಳಿ ಸುತ್ತಿಕೊಂಡಿರುತ್ತದೆ, ಎಷ್ಟು ಗೊಬ್ಬರ ಕೊಟ್ಟರೂ ಪ್ರಯೋಜನವಿಲ್ಲ. ನೀರು ಹಾಕಿದ ಕೂಡಲೇ ಅಂಚಿನಿಂದ ಜಾರಿ ಕೆಳಗೆ ಬರುತ್ತಿದ್ದರೆ ಒಳಗೆ ಬರೀ ಬೇರೇ ತುಂಬಿದೆ ಎಂದು ತಿಳಿಯಿರಿ. ಅಂಥ ಗಿಡವನ್ನು ಕತ್ತರಿಸುವ ದಿನವೇ ದೊಡ್ಡ ಚಟ್ಟಿಗೆ ಬದಲಿಸಬಹುದು.

3. ಬರ ಕೊಡುವುದು

ಗಿಡಕ್ಕೆ ಬೇಕೆಂದೇ ನೀರು ತಡೆಯುವುದು ಹಲವರಿಗೆ ಕಷ್ಟದ ಕೆಲಸ. ಆದರೆ ಇದನ್ನು ಬಿಟ್ಟರೆ ಮುಂದಿನ ಯಾವ ಹಂತವೂ ಪೂರ್ತಿ ಫಲ ಕೊಡುವುದಿಲ್ಲ. ಡಿಸೆಂಬರ್ ಮೊದಲ ವಾರದಿಂದ ಸುಮಾರು ಎರಡು ವಾರ ನೆಲದ ಗಿಡಕ್ಕೆ ನೀರು ನಿಲ್ಲಿಸಿ. ಚಟ್ಟಿಯ ಗಿಡಕ್ಕೆ ಪೂರ್ತಿ ನಿಲ್ಲಿಸಬೇಡಿ, ನಾಲ್ಕೈದು ದಿನಕ್ಕೊಮ್ಮೆ ಒಂದು ಚೊಂಬು ಸಾಕು.

ಗಿಡದ ಹೊಳಪು ಮಾಸುತ್ತದೆ, ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ, ಮಧ್ಯಾಹ್ನ ಚಿಗುರು ಬಾಡುತ್ತದೆ. ಇದೆಲ್ಲ ಸರಿಯೇ, ಗಾಬರಿಯಾಗಿ ಬಕೆಟ್ ಎತ್ತಬೇಡಿ. ನೋಡಬೇಕಾದದ್ದು ಬೆಳಗ್ಗೆ. ರಾತ್ರಿಯ ತಂಪಿಗೆ ಗಿಡ ಚೇತರಿಸಿಕೊಂಡು ಬೆಳಗ್ಗೆ ನೆಟ್ಟಗೆ ನಿಂತಿದ್ದರೆ ಇನ್ನೂ ತಡೆದುಕೊಳ್ಳುತ್ತದೆ. ಬೆಳಗ್ಗೆಯೂ ಬಾಡಿಯೇ ಇದ್ದರೆ ಅದು ಅಪಾಯದ ಲಕ್ಷಣ. ಆ ದಿನವೇ ನೀರು ಕೊಡಿ, ಬರ ಸಾಕು.

4. ಗೆಲ್ಲು ಕತ್ತರಿಸುವುದು

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ ಮತ್ತು ಅದರ ಎಲೆ ಕಂಕುಳಲ್ಲಿ. ಹಳೆಯ ಗಟ್ಟಿ ಗೆಲ್ಲಿನಲ್ಲಿ ಅಲ್ಲ. ಇಷ್ಟು ಮನಸ್ಸಿಗೆ ಬಂದರೆ ಕತ್ತರಿ ಹಿಡಿಯಲು ಧೈರ್ಯ ತಾನಾಗಿ ಬರುತ್ತದೆ. ಹೆಚ್ಚು ಚಿಗುರು ಎಂದರೆ ಹೆಚ್ಚು ಹೂ, ಕತ್ತರಿಸದೆ ಹೆಚ್ಚು ಚಿಗುರಿಲ್ಲ.

ಧನುರ್ಮಾಸವೇ ಇದಕ್ಕೆ ಕಾಲ. ಡಿಸೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯ ಒಳಗೆ ಮುಗಿಸಿದರೆ ಮಾರ್ಚ್ ಹೊತ್ತಿಗೆ ಮೊಗ್ಗು ಕಾಣಬಹುದು.

ಮೊದಲು ಒಣಗಿದ, ರೋಗ ಹಿಡಿದ ಗೆಲ್ಲುಗಳನ್ನು ಬುಡದಿಂದ ತೆಗೆಯಿರಿ. ಆಮೇಲೆ ಒಂದಕ್ಕೊಂದು ಉಜ್ಜುವ, ಗಿಡದ ಒಳಕ್ಕೆ ಬೆಳೆದವನ್ನು. ಉಳಿದದ್ದನ್ನು ನೆಲದ ಗಿಡವಾದರೆ ಒಂದೂವರೆ ಅಡಿ ಎತ್ತರಕ್ಕೆ, ಚಟ್ಟಿಯ ಗಿಡವಾದರೆ ಒಂದಡಿಗೆ ಇಳಿಸಿ. ಹೊರಕ್ಕೆ ಮುಖ ಮಾಡಿದ ಕಣ್ಣಿನ ಮೇಲೆ ಕಾಲು ಅಂಗುಲ ಬಿಟ್ಟು, ಸ್ವಲ್ಪ ಓರೆಯಾಗಿ ಕತ್ತರಿಸಬೇಕು. ಚಿಗುರು ಹೊರಮುಖವಾಗಿ ಬಂದರೆ ಗಿಡದ ನಡುವೆ ಗಾಳಿ, ಬೆಳಕು ಆಡುತ್ತದೆ. ಕೊನೆಗೆ ಉಳಿದ ಎಲೆಗಳನ್ನೂ ಕೈಯಿಂದ ಸವರಿ ತೆಗೆಯಿರಿ. ಕಡ್ಡಿಗಳು ಮಾತ್ರ ನಿಂತ ಗಿಡ ನೋಡಿ ಮನೆಯವರು ಬಯ್ಯಬಹುದು. ಹತ್ತು ಹದಿನೈದು ದಿನ ತಡೆದುಕೊಳ್ಳಿ.

ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹೆಬ್ಬೆರಳಿನ ದಪ್ಪದ ಗಾಯ ಇದ್ದರೆ ಬೋರ್ಡೋ ಪೇಸ್ಟ್ ಹಚ್ಚಿ. ಅಡಿಕೆ ತೋಟ ಇರುವವರ ಮನೆಯಲ್ಲಿ ಅದಕ್ಕೆ ಬೇಕಾದ ಮೈಲುತುತ್ತು, ಸುಣ್ಣ ಇದ್ದೇ ಇರುತ್ತದೆ.

ಇಲ್ಲಿ ಆಗುವ ದೊಡ್ಡ ತಪ್ಪು, ಕನಿಕರದಿಂದ ತುದಿಯನ್ನು ಮಾತ್ರ ನಾಲ್ಕು ಬೆರಳು ಚಿವುಟುವುದು. ಹಾಗೆ ಮಾಡಿದರೆ ಮೇಲ್ಭಾಗದಲ್ಲಿ ಮಾತ್ರ ಪೊರಕೆಯಂತೆ ಚಿಗುರು ಬಂದು ಕೆಳಗೆ ಬೋಳಾಗುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: ನೆಟ್ಟು ವರ್ಷವೂ ಆಗದ ಎಳೆ ಗಿಡವನ್ನು ಬುಡದವರೆಗೆ ಕತ್ತರಿಸುವುದು. ಎಳೆ ಗಿಡಕ್ಕೆ ಮೂರನೇ ಒಂದು ಭಾಗ ಮಾತ್ರ ತೆಗೆದರೆ ಸಾಕು.

ತಡವಾಗಿ ಓದುತ್ತಿರುವವರಿಗೆ

ಈಗಾಗಲೇ ಮಾರ್ಚ್ ಬಂದಿದ್ದರೆ ಗಿಡವನ್ನು ಬೋಳು ಮಾಡಬೇಡಿ, ಬೇಸಿಗೆಯ ಉರಿಯಲ್ಲಿ ಕಡ್ಡಿ ಒಣಗಿಹೋಗಬಹುದು. ಪ್ರತಿ ಗೆಲ್ಲಿನ ಮೂರನೇ ಒಂದು ಭಾಗ ಕತ್ತರಿಸಿ, ಎಲೆ ಹಾಗೇ ಬಿಡಿ. ಬಿಸಿಗೆ ಚಿಗುರು ಬೇಗ ಬರುತ್ತದೆ. ಒಂದು, ಒಂದೂವರೆ ತಿಂಗಳಲ್ಲಿ ಮೊಗ್ಗು ನಿರೀಕ್ಷಿಸಬಹುದು. ಹೂ ಕಡಿಮೆಯೇ ಇರುತ್ತದೆ, ಆದರೆ ವರ್ಷ ವ್ಯರ್ಥವಾಗುವುದಿಲ್ಲ.

5. ಗೊಬ್ಬರ, ಅದರ ಅಳತೆ

ಕತ್ತರಿಸಿದ ದಿನ ಬುಡದಿಂದ ಒಂದು ಗೇಣು ದೂರದಲ್ಲಿ ಮಣ್ಣು ಸಡಿಲಿಸಿ ಹಟ್ಟಿಗೊಬ್ಬರ ಸೇರಿಸಿ: ಚಟ್ಟಿಗೆ ಎರಡು ಬೊಗಸೆ, ನೆಲದ ಗಿಡಕ್ಕೆ ಅರ್ಧ ಬುಟ್ಟಿ. ಜೊತೆಗೆ ಒಂದು ಹಿಡಿ ಎಲುಬಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಬೇಡಿ, ಅದು ಕಳಿಯುವಾಗ ಬೇರು ಸುಡುತ್ತದೆ.

ಚಿಗುರು ಬೆರಳುದ್ದ ಆದ ಮೇಲೆ ನೆಲಗಡಲೆ ಹಿಂಡಿಯ ನೀರು ಶುರು ಮಾಡಿ. ಒಂದು ಹಿಡಿ ಹಿಂಡಿಯನ್ನು ಎರಡು ಲೀಟರ್ ನೀರಿನಲ್ಲಿ ಮೂರು ನಾಲ್ಕು ದಿನ ನೆನೆಸಿ. ಮೇಲಿನ ತಿಳಿಯ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಗಿಡಕ್ಕೊಂದು ಚೊಂಬು. ವಾಸನೆ ಜೋರಾಗಿರುತ್ತದೆ. ಫ್ಲ್ಯಾಟಿನವರು ಮುಚ್ಚಳ ಹಾಕಿಟ್ಟು, ಪಕ್ಕದ ಮನೆಯವರು ಬಟ್ಟೆ ಒಣಗಿಸದ ಹೊತ್ತು ನೋಡಿ ಹಾಕಿ. ಗಟ್ಟಿ ಹಿಂಡಿಯನ್ನೇ ಬುಡಕ್ಕೆ ಸುರಿದರೆ ಬೂಸ್ಟು ಹಿಡಿದು ಇರುವೆ ಮುತ್ತುತ್ತದೆ.

ಬೂದಿ ತಿಂಗಳಿಗೆ ಒಂದೇ ಹಿಡಿ. ಅದರಲ್ಲಿ ಪೊಟ್ಯಾಷ್ ಇದೆ, ಹುಳಿ ಮಣ್ಣಿಗೂ ಒಳ್ಳೆಯದು. ಆದರೆ ಒಲೆಯಿಂದ ತೆಗೆದ ಬೂದಿಯನ್ನು ದಿನಾ ಮಲ್ಲಿಗೆ ಬುಡಕ್ಕೇ ಹಾಕುವ ಅಭ್ಯಾಸ ಬಿಡಿ. ಮಣ್ಣು ಸುಣ್ಣದ ಗುಣಕ್ಕೆ ತಿರುಗಿದರೆ ಬೇರು ಕಬ್ಬಿಣದ ಅಂಶ ಹೀರಲಾರದು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದೇ ಸೂಚನೆ. ಬುಡದಲ್ಲಿ ನೀರು ನಿಂತರೂ ಹೀಗಾಗುತ್ತದೆ, ಅದನ್ನೂ ನೋಡಿ. ಬೂದಿ ಮತ್ತು ಹಟ್ಟಿಗೊಬ್ಬರವನ್ನು ಒಟ್ಟಿಗೆ ಹಾಕಬಾರದು, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ನಡುವೆ ಹದಿನೈದು ದಿನ ಅಂತರವಿರಲಿ.

ಅಂಗಡಿಯ ಗೊಬ್ಬರ ಹಾಕುವವರಿಗೆ ಒಂದು ಲೆಕ್ಕ. ಬೆಳೆದ ಮಲ್ಲಿಗೆ ಗಿಡಕ್ಕೆ ಸಾಮಾನ್ಯವಾಗಿ ಹೇಳುವ ಶಿಫಾರಸು ವರ್ಷಕ್ಕೆ ಸಾರಜನಕ 60 ಗ್ರಾಂ, ರಂಜಕ 120 ಗ್ರಾಂ, ಪೊಟ್ಯಾಷ್ 120 ಗ್ರಾಂ. ಅದನ್ನೂ ಎರಡು ಕಂತಿನಲ್ಲಿ ಕೊಡಬೇಕು. ಇದು ನೆಲದ ಗಿಡದ ಲೆಕ್ಕ, ಚಟ್ಟಿಗೆ ಇದರ ಸಣ್ಣ ಪಾಲು ಸಾಕು. ಸಾರಜನಕ ಉಳಿದೆರಡರ ಅರ್ಧ ಮಾತ್ರ ಎಂಬುದನ್ನು ಗಮನಿಸಿ. ನಾವು ಮಾಡುವುದು ತಲೆಕೆಳಗು. ಯೂರಿಯಾ ಒಂದನ್ನೇ ಚೆಲ್ಲುತ್ತೇವೆ, ಗಿಡ ಸೊಪ್ಪು ಬೆಳೆಸುತ್ತದೆ. ಅಂಥ ಗಿಡದಲ್ಲಿ ಎಲೆಗಳ ನಡುವೆ ದೂರ ದೂರ ಅಂತರ ಇರುವ, ಬಳ್ಳಿಯಂತೆ ಉದ್ದಕ್ಕೆ ಓಡುವ ಚಿಗುರು ಕಾಣುತ್ತದೆ. ಅದರಲ್ಲಿ ಹೂ ಬರುವುದು ಅಪರೂಪ, ಕಂಡ ಕೂಡಲೇ ಅರ್ಧಕ್ಕೆ ಕತ್ತರಿಸಿ.

6. ನೀರು

ಚಿಗುರು ಬಂದ ಮೇಲೆ ನೀರಿಗೆ ಬರಗಾಲ ಮಾಡಬಾರದು. ಏಪ್ರಿಲ್, ಮೇಯಲ್ಲಿ ಚಟ್ಟಿಗೆ ದಿನಾ ಬೆಳಗ್ಗೆ, ನೆಲದ ಗಿಡಕ್ಕೆ ಎರಡು ಮೂರು ದಿನಕ್ಕೊಮ್ಮೆ ಧಾರಾಳವಾಗಿ. ಬೆರಳು ಮಣ್ಣಿಗೆ ಚುಚ್ಚಿ ನೋಡಿ, ಎರಡನೆಯ ಗೆಣ್ಣಿನವರೆಗೆ ಒಣಗಿದ್ದರೆ ಹಾಕಿ. ಎರಡು ದಿನ ಮರೆತು ಮೂರನೇ ದಿನ ಎರಡು ಬಕೆಟ್ ಸುರಿದರೆ ಮೊಗ್ಗು ಉದುರುತ್ತದೆ.

ಬೇಸಿಗೆಯಲ್ಲಿ ಮಂಗಳೂರಿಗೆ ತುಂಬೆ, ಉಡುಪಿಗೆ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದರೆ ನಳ್ಳಿ ನೀರು ದಿನ ಬಿಟ್ಟು ದಿನ ಆಗುವುದುಂಟು. ಅದಕ್ಕೆ ಮೊದಲೇ ಬುಡಕ್ಕೆ ಹೊದಿಕೆ ಹಾಕಿಡಿ. ತೆಂಗಿನ ಸಿಪ್ಪೆಯನ್ನು ನಾರಿನ ಬದಿ ಕೆಳಗೆ ಮಾಡಿ ಜೋಡಿಸಿ, ಮೇಲೆ ತರಗೆಲೆ. ಕಾಂಡಕ್ಕೆ ತಾಗದಂತೆ ಮೂರು ಬೆರಳು ಜಾಗ ಬಿಡಿ. ಅಕ್ಕಿ, ತರಕಾರಿ ತೊಳೆದ ನೀರು ಹಾಕಬಹುದು. ಉಪ್ಪು ಬಿದ್ದ ಗಂಜಿ ತಿಳಿ, ಸೋಪಿನ ನೀರು ಹಾಕಬಾರದು.

ಕಡಲು ಅಥವಾ ಅಳಿವೆಯ ಹತ್ತಿರ ಮನೆ ಇರುವವರು ಬಾವಿಯ ನೀರಿನ ಮೇಲೆ ಒಂದು ಕಣ್ಣಿಡಿ. ಮಳೆಗಾಲದಲ್ಲಿ ಸಿಹಿಯಾಗಿದ್ದ ಬಾವಿ ಏಪ್ರಿಲ್‌ನಲ್ಲಿ ಉಪ್ಪಾಗುವುದು ಇಲ್ಲಿ ಹೊಸತಲ್ಲ. ಎಲೆಯ ಅಂಚು ಸುಟ್ಟಂತೆ ಕಂದಾಗಿ, ಚಟ್ಟಿಯ ಅಂಚಿನಲ್ಲಿ ಬಿಳಿ ಪದರ ಕಂಡರೆ ನಾಲಗೆಗೆ ಒಂದು ಹನಿ ಹಾಕಿ ನೋಡಿ. ಉಪ್ಪಾಗಿದ್ದರೆ ಆ ನೀರು ನಿಲ್ಲಿಸಿ, ಸಿಹಿನೀರನ್ನು ಚಟ್ಟಿಯ ಕೆಳಗಿನಿಂದ ಹರಿಯುವಷ್ಟು ಒಂದು ಸಲ ಹಾಯಿಸಿ.

ಚಟ್ಟಿಯ ಕೆಳಗೆ ತಟ್ಟೆ ಇಟ್ಟು ನೀರು ನಿಲ್ಲಿಸಬೇಡಿ. ಬೇರೂ ಕೊಳೆಯುತ್ತದೆ, ಸೊಳ್ಳೆಯೂ ಹುಟ್ಟುತ್ತದೆ.

7. ಮೊಗ್ಗು ಬಂದ ಮೇಲಿನ ಕಾವಲು

ಬಿಳಿಯಾಗಬೇಕಾದ ಮೊಗ್ಗು ನಸುಗೆಂಪು, ನೇರಳೆ ಬಣ್ಣಕ್ಕೆ ತಿರುಗಿ, ಬುಡದಲ್ಲಿ ಉಬ್ಬಿ, ಅರಳದೆ ಉದುರುತ್ತಿದೆಯೇ? ಅದು ಬಿಸಿಲಿಗೆ ಆದದ್ದಲ್ಲ. ಸೊಳ್ಳೆಗಿಂತಲೂ ಸಣ್ಣ ನೊಣವೊಂದು ಎಳೆ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಒಳಗೇ ತಿಂದು ಬೆಳೆದು ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ. ಹಾಗಾಗಿ ಮೇಲೆ ಔಷಧಿ ಹೊಡೆದು ಸುಮ್ಮನಾದರೆ ಮುಗಿಯುವುದಿಲ್ಲ. ಕೆಂಪಾದ ಮೊಗ್ಗುಗಳನ್ನು ದಿನಾ ಆರಿಸಿ, ಬಿದ್ದವನ್ನೂ ಹೆಕ್ಕಿ, ಕುದಿಯುವ ನೀರಿಗೆ ಹಾಕಿ. ಗೊಬ್ಬರದ ಗುಂಡಿಗೆ ಹಾಕಿದರೆ ಅಲ್ಲಿ ಬೆಳೆದು ಮತ್ತೆ ಬರುತ್ತದೆ. ವಾರಕ್ಕೊಮ್ಮೆ ಹೊದಿಕೆ ಸರಿಸಿ ಮೇಲಿನ ಒಂದಂಗುಲ ಮಣ್ಣು ಕೆದಕಿ ಬಿಸಿಲಿಗೆ ಬಿಡಿ, ಬೇವಿನ ಹಿಂಡಿ ಉದುರಿಸಿ.

ಮೊಗ್ಗಿನಲ್ಲಿ ಸಣ್ಣ ತೂತು, ಪಕ್ಕದ ಮೊಗ್ಗುಗಳಿಗೆ ನೂಲು ಸುತ್ತಿದ್ದರೆ ಅದು ಮೊಗ್ಗು ಕೊರಕ. ಹುಳು ಒಳಗೇ ಇರುತ್ತದೆ, ಆ ಗೊಂಚಲನ್ನೇ ಚಿವುಟಿ ತೆಗೆಯಿರಿ. ಎರಡಕ್ಕೂ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ ಹಾಕಿ, ಸಂಜೆ ಹೂ ಕೊಯ್ದಾದ ಗಿಡಕ್ಕೆ ಸಿಂಪಡಿಸಿ, ವಾರಕ್ಕೊಮ್ಮೆ. ಎಲೆಯ ಅಡಿಗೆ ತಾಗಬೇಕು. ಮಟಮಟ ಮಧ್ಯಾಹ್ನ ಹೊಡೆದರೆ ಎಲೆ ಸುಡುತ್ತದೆ.

ಎಲೆಯ ಮೇಲೆ ಸೂಜಿಮೊನೆಯಷ್ಟು ಮಾಸಲು ಚುಕ್ಕಿ, ಅಡಿಯಲ್ಲಿ ತೆಳು ಬಲೆ ಕಂಡರೆ ನುಸಿ. ಒಣ ಹವೆಯಲ್ಲಿ ಇದು ಹೆಚ್ಚು. ಪೈಪಿನ ನೀರನ್ನು ಎಲೆಯಡಿಗೆ ಜೋರಾಗಿ ಬಿಟ್ಟು ತೊಳೆದರೆ ಅರ್ಧ ಕೆಲಸ ಆದಂತೆ.

ಮನೆಯ ಮಲ್ಲಿಗೆಗೆ ಕಠಿಣ ಕೀಟನಾಶಕ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಇದು ಮಕ್ಕಳ ತಲೆಗೆ ಮುಡಿಸುವ, ದೇವರಿಗೆ ಇಡುವ, ಎಲ್ಲರೂ ಮೂಗಿಗೆ ಹಿಡಿಯುವ ಹೂ. ಬೇವಿಗೂ ಬಗ್ಗದಿದ್ದರೆ ಹುಳು ಬಿದ್ದ ಮೊಗ್ಗು, ಎಲೆಯನ್ನು ಕವರಿನಲ್ಲಿ ಕಟ್ಟಿಕೊಂಡು ಬ್ರಹ್ಮಾವರ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ.

8. ಕೊಯ್ಯುವುದು ಮತ್ತು ಕಟ್ಟುವುದು

ಮೊಗ್ಗು ಪೂರ್ತಿ ಬಿಳಿಯಾಗಿ ತುಂಬಿಕೊಂಡಿರಬೇಕು, ಆದರೆ ಬಿರಿದಿರಬಾರದು. ಅಂಥದ್ದು ಅದೇ ಸಂಜೆ ಅರಳುತ್ತದೆ. ಹಸಿರು ಛಾಯೆ ಇರುವುದನ್ನು ಕೊಯ್ದರೆ ಅರಳದೆ ಬಾಡುತ್ತದೆ. ಬಿಸಿಲೇರುವ ಮೊದಲು ಕೊಯ್ದು ಮುಗಿಸಿ.

ಮಲ್ಲಿಗೆಯ ಗೊಂಚಲಿನಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು. ನಡುವಿನದು ಮೊದಲು ಬಲಿಯುತ್ತದೆ, ಅಕ್ಕಪಕ್ಕದವು ಆಮೇಲೆ. ಅವಸರದಲ್ಲಿ ಗೊಂಚಲನ್ನೇ ಮುರಿದರೆ ಒಂದು ಹೂವಿಗೆ ಎರಡು ಹೂ ಕಳೆದುಕೊಂಡಿರಿ. ಬಲಿತದ್ದರ ತೊಟ್ಟನ್ನು ಮಾತ್ರ ಉಗುರಿನಿಂದ ಚಿವುಟಿ. ಕಟ್ಟಲು ಹಿಡಿತಕ್ಕೆ ಆ ತೊಟ್ಟು ಬೇಕೇ ಬೇಕು.

ಕಟ್ಟಲು ಬಾಳೆ ನಾರೇ ಸರಿ, ನೂಲು ಎಳೆ ತೊಟ್ಟನ್ನು ಕೊಯ್ಯುತ್ತದೆ. ಒಣಗಿದ ಬಾಳೆ ಪಟ್ಟೆಯಿಂದ ನಾರು ಸೀಳಿ, ಅರ್ಧ ಗಂಟೆ ನೀರಿನಲ್ಲಿಟ್ಟರೆ ಮೆತ್ತಗಾಗುತ್ತದೆ. ನಾರಿನ ಮೇಲೆ ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ಮುಖ ಮಾಡಿ ಇಡಿ. ತೊಟ್ಟುಗಳು ನಡುವೆ ಒಂದರ ಮೇಲೊಂದು ಬರಲಿ. ನಾರನ್ನು ತೊಟ್ಟಿನ ಮೇಲೆ ಒಂದು ಸುತ್ತು ತಂದು, ಬೆರಳಿನಲ್ಲಿ ಕುಣಿಕೆ ಮಾಡಿ ಹಾಕಿ ಎಳೆಯಿರಿ. ಬಿಗಿ ಎಷ್ಟಿರಬೇಕೆಂದರೆ ಹೂ ಜಾರಬಾರದು, ತೊಟ್ಟು ತುಂಡಾಗಲೂಬಾರದು. ಮೊದಲ ವಾರ ಅರ್ಧ ಉದುರಿಹೋಗುತ್ತದೆ. ಆಮೇಲೆ ಕೈಗೆ ಬರುತ್ತದೆ. ಶಂಕರಪುರದ ಮನೆಗಳಲ್ಲಿ ಹೀಗೆ ಕಟ್ಟಿ ಚೆಂಡು ಮಾಡುತ್ತಾರೆ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ನಮ್ಮ ಎರಡು ಚಟ್ಟಿಯಿಂದ ದಿನಕ್ಕೊಂದು ಮೊಳ ಆದರೆ ನನಗೆ ತೃಪ್ತಿ.

ಕಟ್ಟಿದ್ದನ್ನು ಬಾಳೆಲೆಯಲ್ಲಿ ಸುತ್ತಿ ತಂಪಿನಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದರೆ ಬೆವತು ಕಂದಾಗುತ್ತದೆ.

9. ಹೂ ಇಳಿದ ಮೇಲೆ, ಮಳೆಗೆ ಮೊದಲು

ಒಂದು ಸರದಿ ಹೂ ಮುಗಿದಾಗ ಆ ಗೆಲ್ಲಿನ ತುದಿಯನ್ನು ಎರಡು ಮೂರು ಜೊತೆ ಎಲೆ ಸಹಿತ ಕತ್ತರಿಸಿ, ಹಿಂಡಿ ನೀರು ಕೊಡಿ. ಹೀಗೆ ಮಾಡಿದ ಗಿಡ ಮಳೆ ಹಿಡಿಯುವ ಮೊದಲು ಇನ್ನೊಂದು ಸರದಿ ಹೂ ಕೊಡುತ್ತದೆ.

ಪತ್ತನಾಜೆ (ತುಳುನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಬರುವ, ಮಳೆಗಾಲಕ್ಕೆ ಮುಂಚಿನ ದಿನ) ಕಳೆದ ಮೇಲೆ ಹಿಂಡಿ ನಿಲ್ಲಿಸಿ. ಬುಡದ ಹೊದಿಕೆ ತೆಗೆಯಿರಿ, ಇಲ್ಲದಿದ್ದರೆ ಜೂನ್‌ನಲ್ಲಿ ಬಸವನಹುಳ ಅಡಗುತ್ತದೆ. ನೆಲದ ಗಿಡದ ಬುಡಕ್ಕೆ ಮಣ್ಣು ಏರಿಸಿ, ಚಟ್ಟಿಯ ತೂತು ಮುಚ್ಚಿಹೋಗಿದ್ದರೆ ಕಡ್ಡಿಯಿಂದ ಬಿಡಿಸಿ. ಮಳೆ ಬೀಳುವ ಮೊದಲು ಒಂದು ಸಲ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿದರೆ ಎಲೆಚುಕ್ಕೆ ರೋಗ ಹತೋಟಿಯಲ್ಲಿರುತ್ತದೆ. ಆಗ ಗಿಡದಲ್ಲಿ ಮೊಗ್ಗಿದ್ದರೆ ಮೊದಲು ಕೊಯ್ದುಬಿಡಿ.

ಜೂನ್ ಕೊನೆಯಲ್ಲಿ ಪೆನ್ಸಿಲ್ ದಪ್ಪದ ಗೆಲ್ಲನ್ನು ಒಂದು ಗೇಣು ಉದ್ದಕ್ಕೆ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ಎರಡು ಕಣ್ಣು ಮಣ್ಣಿನೊಳಗೆ ಹೋಗುವಂತೆ ಮರಳು ಬೆರೆಸಿದ ಮಣ್ಣಿಗೆ ಊರಿ ಮಾಡಿನ ಕೆಳಗೆ ಇಡಿ. ಐದು ಊರಿದರೆ ಎರಡು ಮೂರು ಬೇರು ಬಿಟ್ಟರೂ ಸಾಕು, ಒಂದನ್ನು ಪಕ್ಕದ ಮನೆಗೆ ಕೊಡಬಹುದು. ಕೊಡುವಾಗ ಧನುರ್ಮಾಸದಲ್ಲಿ ಕತ್ತರಿ ತೆಗೆದುಕೊಂಡು ಬರುತ್ತೇನೆ ಎಂದು ಹೇಳಿಯೇ ಕೊಡಿ.